ಆಂಬುಲೆನ್ಸಿಗೆ ಮೊದಲು ಅರಿವು ಹತ್ತಲಿ

ಮಳೆಗಾಲದ ಒಂದು ನಸುಕು. ತೋಟದ ಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಇಪ್ಪತ್ತೈದರ ಹುಡುಗ ಹೊಟ್ಟೆನೋವೆಂದು ಎದ್ದು ಕೂತಿದ್ದಾನೆ. ಒಂದು ಸಲ ವಾಂತಿಯೂ ಆಗಿದೆ. ಮನೆಯವರು ಓಮದ ಕಷಾಯ ಕುಡಿಸಿದ್ದಾರೆ. ಗಂಟೆ ಕಳೆಯುವಷ್ಟರಲ್ಲಿ ಅವನ ರೆಪ್ಪೆ ಜೋಲತೊಡಗುತ್ತದೆ, ಮಾತು ತೊದಲುತ್ತದೆ. ‘ರಾತ್ರಿ ನಿದ್ದೆ ಆಗಿಲ್ಲ ಪಾಪ’ ಎಂದು ಅಜ್ಜಿ ಹೊದಿಕೆ ಹೊದಿಸುತ್ತಾಳೆ. ಅಕ್ಕನಿಗೆ ಯಾಕೋ ಅನುಮಾನ ಬಂದು 108ಕ್ಕೆ ಕರೆ ಮಾಡುತ್ತಾಳೆ. ಆಂಬುಲೆನ್ಸ್ ಬರುತ್ತದೆ. ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ, ಒಳಗೆ ಕಾಲಿಡುತ್ತಾನೆ. ರೋಗಿಯ ಮೈಮೇಲೆ ಗಾಯವಿಲ್ಲ, ಊತವಿಲ್ಲ. ಹಾವನ್ನು ಕಂಡವರೂ ಇಲ್ಲ.

ಅವನು ಕಲಿತದ್ದು ಬರೀ ಪಟ್ಟಿಯಾಗಿದ್ದರೆ ಹೊಟ್ಟೆನೋವು ಮತ್ತು ವಾಂತಿ ಎಂಬ ಎರಡು ಪದ ಅವನನ್ನು ‘ಗ್ಯಾಸ್ಟ್ರಿಕ್’ ಎಂಬ ಉತ್ತರಕ್ಕೆ ಒಯ್ಯುತ್ತವೆ. ಕಾರಣಗಳ ಸಮೇತ ಕಲಿತವನು ಬೇರೆ ದಾರಿ ಹಿಡಿಯುತ್ತಾನೆ. ನೆಲದ ಮೇಲಿನ ಹಾಸಿಗೆ, ರಾತ್ರಿಯ ಹೊತ್ತು, ಹೊಟ್ಟೆನೋವು, ಜೋಲುವ ರೆಪ್ಪೆ: ಈ ನಾಲ್ಕನ್ನೂ ಒಟ್ಟಿಗೆ ಇಟ್ಟರೆ ಕಟ್ಟು ಹಾವು, ಅಂದರೆ ಕ್ರೇಟ್, ನೆನಪಾಗಬೇಕು. ಅದರ ಹಲ್ಲು ಚಿಕ್ಕದು. ಕಚ್ಚಿದ ನೋವಿಗೆ ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ, ಗುರುತೂ ಉಳಿಯುವುದಿಲ್ಲ. ಅದರ ವಿಷ ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಡೆಯುತ್ತದೆ. ಮೊದಲು ಸೋಲುವುದು ರೆಪ್ಪೆ ಎತ್ತುವ ಸಣ್ಣ ಸ್ನಾಯು. ಆಮೇಲೆ ಗಂಟಲು, ಕುತ್ತಿಗೆ. ಕೊನೆಗೆ ಎದೆಗೂಡನ್ನು ಅರಳಿಸುವ ಸ್ನಾಯು. ಇಷ್ಟು ತಿಳಿದವನಿಗೆ ಮುಂದಿನ ಕೆಲಸ ಯಾರೂ ಹೇಳಿಕೊಡಬೇಕಿಲ್ಲ. ದಾರಿಯುದ್ದಕ್ಕೂ ಅವನ ಕಣ್ಣು ರೋಗಿಯ ಉಸಿರಿನ ಮೇಲಿರುತ್ತದೆ, ಕೈ ಹಿಸುಕಿ ಉಸಿರು ತುಂಬುವ ಅಂಬು ಬ್ಯಾಗಿನ ಹತ್ತಿರ ಇರುತ್ತದೆ. ಪ್ರತಿವಿಷವೂ ವೆಂಟಿಲೇಟರೂ ಇರುವ ಆಸ್ಪತ್ರೆ ಯಾವುದೆಂದು ಅವನು ಹೊರಡುವ ಮೊದಲೇ ವಿಚಾರಿಸುತ್ತಾನೆ.

ಇಬ್ಬರ ಆಂಬುಲೆನ್ಸೂ ಒಂದೇ, ಪೆಟ್ಟಿಗೆಯಲ್ಲಿರುವ ಸಾಮಾನೂ ಒಂದೇ. ಹುಡುಗ ಉಳಿಯುವುದೂ ಹೋಗುವುದೂ ತರಬೇತಿಯ ಮೊದಲ ದಿನಗಳಲ್ಲಿ ಆ ಇಎಂಟಿಯ ತಲೆಗೆ ಏನು ಇಳಿದಿತ್ತು ಎಂಬುದರ ಮೇಲೆ ನಿಂತಿದೆ.

ನಮ್ಮಲ್ಲಿ ತುರ್ತು ಸೇವೆಯ ಮಾತು ಬಂದಾಗಲೆಲ್ಲ ವಾಹನಗಳ ಲೆಕ್ಕ ಶುರುವಾಗುತ್ತದೆ. ಎಷ್ಟು ಆಂಬುಲೆನ್ಸ್, ಎಷ್ಟರಲ್ಲಿ ವೆಂಟಿಲೇಟರ್, ಕರೆ ಬಂದ ಎಷ್ಟು ನಿಮಿಷಕ್ಕೆ ತಲುಪಿದವು. ಇವು ಬೇಕಾದ ಲೆಕ್ಕಗಳೇ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಹೆಸರಿನಲ್ಲಿ 108 ಸೇವೆ ಆರಂಭವಾಗುವ ಮುನ್ನ ಹಳ್ಳಿಯ ಬಾಣಂತಿಯೋ ಗಾಯಾಳುವೋ ಯಾರದ್ದೋ ಟೆಂಪೊ, ಯಾರದ್ದೋ ಜೀಪು ಕಾಯಬೇಕಿತ್ತು. ಆ ಬದಲಾವಣೆ ದೊಡ್ಡದು. ಆದರೆ ಗಾಡಿಯೊಳಗೆ ಕೂರುವ ವ್ಯಕ್ತಿಗೆ ಏನು ಗೊತ್ತಿರಬೇಕು ಎಂಬ ಪ್ರಶ್ನೆಯನ್ನು ನಾವು ಅಷ್ಟೇ ಗಂಭೀರವಾಗಿ ಕೇಳಿಕೊಂಡಿಲ್ಲ. ‘ಅವರೇನು ಡಾಕ್ಟರಲ್ಲ, ಆಸ್ಪತ್ರೆ ಮುಟ್ಟಿಸಿದರೆ ಸಾಕು’ ಎಂಬ ಮಾತು ಓದಿದವರ ಬಾಯಲ್ಲೂ ಬರುತ್ತದೆ. ಸಣ್ಣ ಹುದ್ದೆಗೆ ಸಣ್ಣ ಕಲಿಕೆ ಸಾಕು ಎಂಬ ಲೆಕ್ಕಾಚಾರ ಅದರ ಹಿಂದಿದೆ.

ಈ ಲೆಕ್ಕಾಚಾರ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಆಸ್ಪತ್ರೆಯ ವೈದ್ಯರ ಬೆನ್ನ ಹಿಂದೆ ರಕ್ತಪರೀಕ್ಷೆ ಇದೆ, ಸ್ಕ್ಯಾನ್ ಇದೆ, ಪಕ್ಕದ ಕೋಣೆಯಲ್ಲಿ ಹಿರಿಯ ವೈದ್ಯರಿದ್ದಾರೆ. ರಸ್ತೆಬದಿಯ ಇಎಂಟಿಗೆ ಇರುವುದು ಕಣ್ಣು, ಕಿವಿ, ಕೈ, ನಾಲ್ಕಾರು ಸಣ್ಣ ಉಪಕರಣ ಮತ್ತು ಕೆಲವೇ ನಿಮಿಷ. ಯಂತ್ರ ಹೇಳಬೇಕಾದ್ದನ್ನು ಅವನು ರೋಗಿಯ ಮೈಯಿಂದಲೇ ಓದಬೇಕು. ಹಾಗಾಗಿ ಉಪಕರಣ ಕಡಿಮೆಯಾದಷ್ಟೂ ತಿಳಿವಳಿಕೆ ಹೆಚ್ಚಬೇಕು. ಅವನಿಗೆ ವೈದ್ಯಶಾಸ್ತ್ರದ ಎಲ್ಲ ಕೊಂಬೆಗಳೂ ಬೇಕಿಲ್ಲ, ಬೇರು ಮಾತ್ರ ಬೇಕು. ಆದರೆ ಆ ಬೇರನ್ನು ಅವನು ವೈದ್ಯರಷ್ಟೇ ಗಟ್ಟಿಯಾಗಿ ಹಿಡಿದಿರಬೇಕು.

ಆ ಬೇರು ಯಾವುದು? ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಹೊರಗಿನ ಗಾಳಿಯಲ್ಲಿರುವ ಆಮ್ಲಜನಕ ದೇಹದ ಕಟ್ಟಕಡೆಯ ಜೀವಕೋಶದವರೆಗೆ ಹೋಗುವ ದಾರಿ. ತುರ್ತು ಚಿಕಿತ್ಸೆಯ ಬಹುಪಾಲು ಆ ದಾರಿ ಎಲ್ಲಿ ಕಡಿದಿದೆ ಎಂದು ಹುಡುಕುವ ಕೆಲಸವೇ. ಮೂಗು, ಗಂಟಲು ತೆರೆದಿವೆಯೇ? ಎದೆ ಏರಿಳಿಯುತ್ತಿದೆಯೇ? ರಕ್ತ ಹರಿಯುತ್ತಿದೆಯೇ? ಶ್ವಾಸಮಾರ್ಗ, ಉಸಿರಾಟ, ರಕ್ತಸಂಚಾರ ಎಂಬ ಕ್ರಮವನ್ನು ಪ್ರತಿ ಇಎಂಟಿಯೂ ಬಾಯಿಪಾಠ ಮಾಡಿರುತ್ತಾನೆ. ಬಾಯಿಪಾಠ ಮಾಡಿದವನಿಗೂ ಅರ್ಥ ಮಾಡಿಕೊಂಡವನಿಗೂ ಇರುವ ಅಂತರ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಸಾಕು.

ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳ ಹಾದಿಯಲ್ಲೇ ಉಳಿಯುತ್ತದೆ. ಶ್ವಾಸಕೋಶದ ತಳ ಮುಟ್ಟುವುದು ಉಳಿದ 350 ಮಾತ್ರ. ನಿಮಿಷಕ್ಕೆ 12 ಉಸಿರಾದರೆ ತಳ ಮುಟ್ಟುವ ಗಾಳಿ ನಾಲ್ಕು ಲೀಟರಿಗೂ ಹೆಚ್ಚು. ಈಗ ಪಕ್ಕೆಲುಬು ಮುರಿದು, ನೋವಿಗೆ ಎದೆ ಹಿಗ್ಗಿಸಲಾಗದೆ ನಿಮಿಷಕ್ಕೆ 40 ಸಲ ಸಣ್ಣ ಸಣ್ಣ ಉಸಿರು ಎಳೆಯುತ್ತಿರುವ ಒಬ್ಬರನ್ನು ನೋಡಿ. ಒಂದು ಉಸಿರಿಗೆ 200 ಮಿಲಿಲೀಟರ್ ಎಂದಿಟ್ಟುಕೊಂಡರೆ ಒಟ್ಟು ಎಂಟು ಲೀಟರ್ ಗಾಳಿ ಓಡಾಡಿತು. ಆದರೆ ಪ್ರತಿ ಉಸಿರಿನ 150 ಹಾದಿಯಲ್ಲೇ ಹೋಯಿತು, ತಳ ಮುಟ್ಟಿದ್ದು 50. ನಿಮಿಷಕ್ಕೆ ಬರೀ ಎರಡು ಲೀಟರ್. ಹೊರಗಿನಿಂದ ನೋಡಿದವರಿಗೆ ‘ಜೋರಾಗಿ ಉಸಿರಾಡುತ್ತಿದ್ದಾರೆ’ ಎನಿಸುತ್ತದೆ. ಒಳಗೆ ಆ ಜೀವ ಅರ್ಧ ಉಸಿರಿನಲ್ಲಿ ಮುಳುಗುತ್ತಿದೆ. ಈ ಗುಣಾಕಾರಕ್ಕೆ ಏಳನೇ ತರಗತಿಯ ಗಣಿತ ಸಾಕು. ಆದರೆ ಅದನ್ನು ಒಮ್ಮೆ ಕೂತು ಮಾಡಿದ ಇಎಂಟಿ ಮುಂದೆಂದೂ ಉಸಿರಿನ ಎಣಿಕೆಯೊಂದನ್ನೇ ನಂಬಿ ಸುಮ್ಮನಿರಲಾರ. ಎದೆ ಎಷ್ಟು ಮೇಲೇಳುತ್ತಿದೆ ಎಂದೂ ನೋಡುತ್ತಾನೆ.

ಎರಡನೆಯ ಪಾಠ ಶಾಕ್. ಈ ಪದ ನಮ್ಮಲ್ಲಿ ಕರೆಂಟು ಹೊಡೆದದ್ದಕ್ಕೂ ಕೆಟ್ಟ ಸುದ್ದಿ ಕೇಳಿ ಕುಸಿದದ್ದಕ್ಕೂ ಬಳಕೆಯಾಗುತ್ತದೆ. ವೈದ್ಯಕೀಯದಲ್ಲಿ ಅದಕ್ಕೆ ಬೇರೆಯದೇ ಅರ್ಥವಿದೆ: ಅಂಗಾಂಗಗಳಿಗೆ ಬೇಕಾದಷ್ಟು ರಕ್ತ, ಅದರೊಂದಿಗೆ ಆಮ್ಲಜನಕ, ತಲುಪದ ಸ್ಥಿತಿ. ಇದನ್ನು ಕಲಿಸುವಾಗ ಪುಸ್ತಕಗಳು ಹೃದಯ, ರಕ್ತನಾಳ, ರಕ್ತ ಎಂಬ ತ್ರಿಕೋನ ಬರೆಯುತ್ತವೆ. ನಮ್ಮ ರೈತ ಮನೆಯ ಹುಡುಗ ಹುಡುಗಿಯರಿಗೆ ತ್ರಿಕೋನಕ್ಕಿಂತ ಹತ್ತಿರದ ಚಿತ್ರ ಕಣ್ಣೆದುರೇ ಇದೆ. ಗದ್ದೆಯ ಕೊನೆಗೆ ನೀರು ಬರುತ್ತಿಲ್ಲ ಎಂದರೆ ಕಾರಣ ಮೂರರಲ್ಲಿ ಒಂದು. ಮೋಟರ್ ಎತ್ತುತ್ತಿಲ್ಲ, ಇಲ್ಲವೇ ಬಾವಿಯಲ್ಲಿ ನೀರಿಲ್ಲ, ಇಲ್ಲವೇ ಪೈಪಿನಲ್ಲಿ ತೊಂದರೆ. ಹೃದಯಾಘಾತದಲ್ಲಿ ಸೋಲುವುದು ಮೋಟರ್. ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವದಲ್ಲಿ, ತೊಡೆಮೂಳೆ ಮುರಿದು ಚರ್ಮದೊಳಗೇ ಒಂದು ಲೀಟರಿಗೂ ಹೆಚ್ಚು ರಕ್ತ ಸೋರಿದಾಗ ಬಾವಿ ಬತ್ತುತ್ತದೆ. ಹೆಜ್ಜೇನು ಕಡಿದು ಅಲರ್ಜಿ ಮೈಯೆಲ್ಲ ಹರಡಿದಾಗ ರಕ್ತನಾಳಗಳೆಲ್ಲ ಒಮ್ಮೆಗೇ ಸಡಿಲಾಗಿ ಹಿಗ್ಗುತ್ತವೆ. ನೀರು ಇದ್ದಷ್ಟೇ ಇದೆ, ಪೈಪಿನ ಬಾಯಿ ಅಗಲವಾಗಿ ಒತ್ತಡ ಬಿದ್ದುಹೋಗಿದೆ. ಮೂರಕ್ಕೂ ಹೆಸರು ಶಾಕ್, ಆದರೆ ಮದ್ದು ಮೂರಕ್ಕೂ ಬೇರೆ. ರಕ್ತ ಸೋರುತ್ತಿದ್ದರೆ ಒತ್ತಿ ಹಿಡಿದು ನಿಲ್ಲಿಸಬೇಕು. ಜೇನು ಕಡಿದು ಕುಸಿದವರಿಗೆ ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚಬೇಕು. ಹೃದಯವೇ ಸೋತಿರುವಾಗ ಬಾಟಲಿಗಟ್ಟಲೆ ಸಲೈನ್ ಏರಿಸಿದರೆ ಆ ನೀರು ಶ್ವಾಸಕೋಶದಲ್ಲಿ ತುಂಬಿಕೊಂಡೀತು. ‘ಬಿಪಿ ಕಡಿಮೆಯಾದರೆ ಸಲೈನ್’ ಎಂದಷ್ಟೇ ಕಲಿತವನು ಒಬ್ಬರನ್ನು ಉಳಿಸಿದ ಕೈಯಲ್ಲೇ ಇನ್ನೊಬ್ಬರನ್ನು ಕಳೆಯಬಹುದು.

ಶಾಕ್‌ನ ಪಾಠದೊಳಗೆ ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇದೆ. ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಅದರಲ್ಲಿ ಒಂದು ಲೀಟರಿನಷ್ಟು ಹೋದರೂ ರಕ್ತದೊತ್ತಡ ಬಹುತೇಕ ಸರಿಯಾಗಿಯೇ ಇರಬಹುದು. ಏಕೆಂದರೆ ದೇಹ ಸುಮ್ಮನೆ ಕೂರುವುದಿಲ್ಲ. ಕೈಕಾಲಿನ ಚರ್ಮಕ್ಕೆ ಹೋಗುವ ರಕ್ತವನ್ನು ಬಿಗಿಹಿಡಿದು ಮೆದುಳು ಹೃದಯಗಳಿಗೆ ಕಳಿಸುತ್ತದೆ, ಹೃದಯವನ್ನು ವೇಗವಾಗಿ ಓಡಿಸುತ್ತದೆ. ಬೈಕಿನಿಂದ ಬಿದ್ದ ಯುವಕ ಎದ್ದು ಕೂತು ‘ಏನಾಗಿಲ್ಲ ಸಾರ್, ಒಂಚೂರು ನೀರು ಕೊಡಿ’ ಎನ್ನುತ್ತಾನೆ. ಯಂತ್ರ 110/80 ತೋರಿಸುತ್ತದೆ. ಆದರೆ ನಾಡಿ 130, ಅಂಗೈ ತಣ್ಣಗಿದೆ, ಹಣೆಯಲ್ಲಿ ಬೆವರು ಮೂಡಿದೆ, ಮನಸ್ಸು ಒಂದೇ ಕಡೆ ನಿಲ್ಲುತ್ತಿಲ್ಲ. ಹೊಟ್ಟೆಯೊಳಗೆ ಗುಲ್ಮ ಒಡೆದು ಒಳಗೊಳಗೇ ರಕ್ತ ಸೋರುತ್ತಿರಬಹುದು. ಆ ಬಾಯಾರಿಕೆಯೇ ರಕ್ತ ಕಳೆದುಕೊಳ್ಳುತ್ತಿರುವ ದೇಹದ ಕೂಗು. ಸುತ್ತ ನಿಂತವರು ಕರುಣೆಯಿಂದ ನೀರು ಕುಡಿಸಲು ಬಾಟಲಿ ಚಾಚುತ್ತಾರೆ. ಇಎಂಟಿ ಅದನ್ನು ಮೃದುವಾಗಿ ತಡೆಯಬೇಕು. ಪ್ರಜ್ಞೆ ತಪ್ಪಿದರೆ ಹೊಟ್ಟೆಯಲ್ಲಿರುವ ನೀರು ಗಂಟಲಿಗೆ ಬಂದು ಶ್ವಾಸನಾಳ ಸೇರಬಹುದು. ಇನ್ನೊಂದು ಗಂಟೆಯಲ್ಲಿ ಅವನಿಗೆ ಅರಿವಳಿಕೆ ಕೊಡಬೇಕಾದೀತು. ಬಿಪಿ ಬಿದ್ದ ಮೇಲೆ ಶಾಕ್ ಗುರುತಿಸುವುದು ಕಟ್ಟೆ ಒಡೆದ ಮೇಲೆ ಮರಳಿನ ಚೀಲ ಹುಡುಕಿದಂತೆ. ಕಟ್ಟೆಯಲ್ಲಿ ಒರತೆ ಕಂಡಾಗಲೇ ಎಚ್ಚರಗೊಳ್ಳುವ ಕಣ್ಣನ್ನು ತರಬೇತಿ ಕೊಡಬೇಕು.

ಮೂರನೆಯದು ತಾನು ಮೊದಲು ಉಳಿಯುವ ಪಾಠ. ಜಗತ್ತಿನಾದ್ಯಂತ ಇಎಂಟಿ ತರಬೇತಿಯ ಆರಂಭದಲ್ಲೇ ಇದು ಬರುತ್ತದೆ, ಕಾರಣವಿದ್ದೇ ಬರುತ್ತದೆ. ಮಲಗುಂಡಿಗೆ ಇಳಿದವನು ಬಿದ್ದ, ಅವನನ್ನು ಎತ್ತಲು ಹೋದವನೂ ಬಿದ್ದ, ಮೂರನೆಯವನೂ ಮೇಲೆ ಬರಲಿಲ್ಲ ಎಂಬ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಅಲ್ಲಿನ ವಿಷಾನಿಲ ಕಣ್ಣಿಗೆ ಕಾಣದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಮಂಕಾಗಿಸುತ್ತದೆ. ‘ವಾಸನೆ ಹೋಯಿತು, ಈಗ ಇಳಿಯಬಹುದು’ ಎಂಬ ಕ್ಷಣವೇ ಅತ್ಯಂತ ಅಪಾಯದ ಕ್ಷಣ. ಕೀಟನಾಶಕ ಕುಡಿದವರ ವಾಂತಿ, ಬಟ್ಟೆಗಳಿಂದಲೂ ವಿಷ ಬರಿಗೈಗೆ ಹತ್ತುತ್ತದೆ. ಅಂಥವರ ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಗಿರುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತಿರುತ್ತದೆ. ಶ್ವಾಸಕೋಶದೊಳಗೂ ಅದೇ ದ್ರವ ತುಂಬುತ್ತಿರುತ್ತದೆ ಎಂದು ತಿಳಿದ ಇಎಂಟಿ ಕೈಗವಸು ಹಾಕಿಕೊಂಡು, ಬಟ್ಟೆ ತೆಗೆಸಿ, ಮೈ ತೊಳೆಸಿ, ಬಾಯಿಯ ದ್ರವ ಹೀರಿ ತೆಗೆಯುತ್ತಾ ಹೊರಡುತ್ತಾನೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವವರನ್ನು ತಡೆಯುತ್ತಾನೆ. ತನ್ನನ್ನು ಉಳಿಸಿಕೊಳ್ಳುವುದು ಇಲ್ಲಿ ಹೇಡಿತನವಲ್ಲ. ಬದುಕಿರುವ ಇಎಂಟಿ ಮಾತ್ರ ಮುಂದಿನ ಕರೆಗೆ ಹೋಗಬಲ್ಲ.

ಇಷ್ಟು ಹೇಳಿದಾಗ ಎದುರಾಗುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಕಾರಣ ಗೀರಣ ಏಕೆ, ಹಂತಹಂತದ ನಿಯಮಾವಳಿ ಇದೆಯಲ್ಲ, ಅದರಂತೆ ನಡೆದರೆ ಸಾಕು ಎಂಬುದು. ನಿಯಮಾವಳಿ ಬೇಕು. ನಡುರಾತ್ರಿ, ಮಳೆ, ಸುತ್ತ ಅಳುವ ಜನ. ಇಂಥಲ್ಲಿ ಯಾರ ಬುದ್ಧಿಯೂ ಎಡವೀತು, ಆಗ ಕೈಹಿಡಿದು ನಡೆಸುವುದು ಅದೇ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿಗೆ ಕಡಿಮೆ ಇಲ್ಲದ ಆಳ, 30 ಒತ್ತಿಗೆ 2 ಉಸಿರು ಎಂಬುದನ್ನು ಆ ಹೊತ್ತಿನಲ್ಲಿ ಚರ್ಚಿಸುತ್ತಾ ಕೂರಲಾಗದು. ಆದರೆ ಸರಿಯಾದ ನಿಯಮವನ್ನು ಆರಿಸಿಕೊಳ್ಳುವುದು ಯಾರು? ಬಾಯಿ ತೊದಲುತ್ತಾ ತೂರಾಡುತ್ತಾ ಬಿದ್ದವರನ್ನು ಸುತ್ತಲಿನವರು ‘ಕುಡಿದಿದಾನೆ ಬಿಡಿ’ ಎನ್ನುತ್ತಾರೆ. ಅದು ಲಕ್ವಾ ಇರಬಹುದು. ತಲೆಗೆ ಪೆಟ್ಟು ಬಿದ್ದಿರಬಹುದು. ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಬೆರಳ ತುದಿಯ ಒಂದು ಹನಿ ರಕ್ತ ಇದರಲ್ಲಿ ಕೊನೆಯದನ್ನು ಕ್ಷಣದಲ್ಲಿ ಹೇಳುತ್ತದೆ. ಆದರೆ ಆ ಹನಿ ತೆಗೆಯಬೇಕೆಂಬ ಅನುಮಾನ ಮೊದಲು ಹುಟ್ಟಬೇಕು. ನಿಯಮಾವಳಿ ಶುರುವಾಗುವುದು ಅನುಮಾನ ಹುಟ್ಟಿದ ಮೇಲೆ. ಅನುಮಾನವನ್ನು ಹುಟ್ಟಿಸುವುದು ತಿಳಿವಳಿಕೆ.

ಎರಡನೆಯ ಆಕ್ಷೇಪಕ್ಕೆ ಅಧ್ಯಯನದ ಬಲವಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ 17 ನಗರಗಳಲ್ಲಿ ಒಪಾಲ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಆಸ್ಪತ್ರೆಯ ಹೊರಗೆ ಹೃದಯ ನಿಂತವರ ವಿಷಯದಲ್ಲಿ, ಎದೆ ಒತ್ತುವಿಕೆ ಮತ್ತು ಬೇಗನೆ ಕೊಡುವ ವಿದ್ಯುತ್ ಆಘಾತದ ವ್ಯವಸ್ಥೆ ಚೆನ್ನಾಗಿದ್ದ ಕಡೆ, ಗಂಟಲಿಗೆ ಕೊಳವೆ ಹಾಕುವುದು, ರಕ್ತನಾಳಕ್ಕೆ ಔಷಧ ಕೊಡುವುದು ಮುಂತಾದ ಮುಂದುವರಿದ ಕೌಶಲಗಳನ್ನು ಸೇರಿಸಿದರೂ ಬದುಕಿ ಮನೆಗೆ ಮರಳಿದವರ ಪ್ರಮಾಣ ಹೆಚ್ಚಲಿಲ್ಲ. ಎರಡೂ ಹಂತಗಳಲ್ಲಿ ಅದು ಶೇಕಡಾ 5ರ ಆಸುಪಾಸಿನಲ್ಲೇ ಉಳಿಯಿತು. ಈ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಹಾಗಾದರೆ ಹೆಚ್ಚು ಕಲಿಸಿ ಫಲವೇನು ಎಂದು ಕೇಳಬಹುದು. ಆದರೆ ನಾನು ಅದೇ ಅಧ್ಯಯನವನ್ನು ನನ್ನ ವಾದದ ಪರವಾಗಿ ಓದುತ್ತೇನೆ. ಒಂಟಾರಿಯೊದಲ್ಲಿ ಸೇರಿಸಿದ್ದು ಇನ್ನಷ್ಟು ಕೈಚಳಕ. ನಾನು ಕೇಳುತ್ತಿರುವುದು ಅದನ್ನಲ್ಲ. ಹೃದಯ ನಿಂತ ಮೇಲೆ ನಾಲ್ಕಾರು ನಿಮಿಷಗಳಲ್ಲೇ ಮೆದುಳು ಸಾಯತೊಡಗುತ್ತದೆ. ಆ ಗಡುವಿನೊಳಗೆ ಉಳಿಸುವುದು ಸರಳವಾದ ಕೆಲಸವನ್ನು ಬಿಡದೆ, ಸರಿಯಾಗಿ ಮಾಡುವ ಕೈ. ಪ್ರತಿ ಒತ್ತಿನ ನಂತರ ಎದೆಗೂಡು ಪೂರ್ತಿ ಮೇಲೇಳಲು ಬಿಡದಿದ್ದರೆ ಹೃದಯಕ್ಕೆ ರಕ್ತ ಮರಳಿ ತುಂಬುವುದಿಲ್ಲ. ಒತ್ತುವುದನ್ನು ನಿಲ್ಲಿಸಿದ ಪ್ರತಿ ಕ್ಷಣವೂ ಅದುವರೆಗೆ ಕಟ್ಟಿದ ಒತ್ತಡ ಕುಸಿಯುತ್ತದೆ. ಈ ಎರಡು ಕಾರಣ ತಿಳಿದವನು ದಣಿದಾಗಲೂ ಎದೆಯ ಮೇಲೆ ಒರಗುವುದಿಲ್ಲ, ಸುಮ್ಮಸುಮ್ಮನೆ ನಿಲ್ಲಿಸುವುದಿಲ್ಲ.

ಮೂರನೆಯ ಆಕ್ಷೇಪ, ತಿಳಿವಳಿಕೆ ಹೆಚ್ಚಾದರೆ ಅತಿರೇಕವೂ ಹೆಚ್ಚಾಗುತ್ತದೆ, ಇಎಂಟಿ ರಸ್ತೆಬದಿಯಲ್ಲೇ ಡಾಕ್ಟರಿಕೆ ಶುರುಮಾಡುತ್ತಾನೆ ಎಂಬುದು. ಅರೆಬರೆ ತಿಳಿವಳಿಕೆಯ ಬಗ್ಗೆ ಈ ಭಯ ನ್ಯಾಯವೇ. ಆದರೆ ಆಳವಾಗಿ ಕಲಿತವನಿಗೆ ಮೊದಲು ಗೊತ್ತಾಗುವುದು ತನ್ನ ಎಲ್ಲೆ. ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಲ್ಲದೆ ಬೇರೆಲ್ಲೂ ನಿಲ್ಲಿಸಲಾಗದು ಎಂದು ಅರಿತವನು ಅಪಘಾತದ ಸ್ಥಳದಲ್ಲಿ ಕಾಲಹರಣ ಮಾಡದೆ ಹೊರಡುತ್ತಾನೆ. ಹೃದಯ ನಿಂತವರನ್ನು ಓಡುವ ಗಾಡಿಯಲ್ಲಿ ಸರಿಯಾಗಿ ಒತ್ತಲಾಗದು ಎಂದು ಅರಿತವನು ಬಿದ್ದ ಜಾಗದಲ್ಲೇ ಮಂಡಿಯೂರಿ ಒತ್ತಲು ಶುರುಮಾಡುತ್ತಾನೆ. ಒಂದು ಕಡೆ ಓಡಬೇಕು, ಇನ್ನೊಂದು ಕಡೆ ನಿಲ್ಲಬೇಕು. ಯಾವುದು ಯಾವಾಗ ಎಂದು ಹೇಳುವುದೇ ತಳಹದಿಯ ಜ್ಞಾನದ ಕೆಲಸ.

ಕಡಿಮೆ ಓದಿದವರಿಗೆ ಇದೆಲ್ಲ ಹತ್ತುವುದಿಲ್ಲ ಎಂಬ ಇನ್ನೊಂದು ಮಾತನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಇದಕ್ಕೆ ಉತ್ತರ ಇತಿಹಾಸದಲ್ಲೇ ಇದೆ. 1960ರ ದಶಕದವರೆಗೆ ಅಮೆರಿಕದ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಎಂದರೆ ಶವಸಂಸ್ಕಾರದ ಅಂಗಡಿಯವರ ಗಾಡಿ ಅಥವಾ ಪೊಲೀಸ್ ವ್ಯಾನು. ರೋಗಿಯನ್ನು ಹಿಂದೆ ಮಲಗಿಸಿ ಓಡಿಸುವುದಷ್ಟೇ ಕೆಲಸ. ಪಿಟ್ಸ್‌ಬರ್ಗ್ ನಗರದಲ್ಲಿ ಪೀಟರ್ ಸಫರ್ ಎಂಬ ಅರಿವಳಿಕೆ ತಜ್ಞರಿದ್ದರು. ಬಾಯಿಂದ ಬಾಯಿಗೆ ಉಸಿರು ಕೊಡುವ ವಿಧಾನವನ್ನು ವೈಜ್ಞಾನಿಕವಾಗಿ ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಆಸ್ತಮಾ ಉಲ್ಬಣಿಸಿ ತಮ್ಮ ಮಗಳನ್ನು ಕಳೆದುಕೊಂಡ ಆ ತಂದೆ, 1967ರಲ್ಲಿ ಶುರುವಾದ ‘ಫ್ರೀಡಂ ಹೌಸ್’ ಆಂಬುಲೆನ್ಸ್ ಸೇವೆಗೆ ಕಪ್ಪು ಜನಾಂಗದವರ ಬಡ ಬಡಾವಣೆಯಾದ ಹಿಲ್ ಡಿಸ್ಟ್ರಿಕ್ಟಿನ ಯುವಕರಿಗೆ ಪಾಠ ಕಟ್ಟಿದರು. ಅವರಲ್ಲಿ ಹೆಚ್ಚಿನವರು ನಿರುದ್ಯೋಗಿಗಳು, ಕೆಲವರು ಪ್ರೌಢಶಾಲೆಯನ್ನೂ ಮುಗಿಸಿರಲಿಲ್ಲ. ಅವರಿಗೆ ಸಿಕ್ಕಿದ್ದು ಸುಮಾರು 300 ಗಂಟೆಗಳ ತರಬೇತಿ: ಶರೀರರಚನೆ, ಶರೀರಕ್ರಿಯೆ, ಪುನಶ್ಚೇತನ, ಆಸ್ಪತ್ರೆಯೊಳಗಿನ ಅಭ್ಯಾಸ. ಅವರು ತಮ್ಮ ಕಾಲದ ಅತ್ಯುತ್ತಮ ಆಂಬುಲೆನ್ಸ್ ಸಿಬ್ಬಂದಿಯ ಸಾಲಿಗೆ ಸೇರಿದರು. ಮುಂದೆ ಆ ತಂಡದ ವೈದ್ಯಕೀಯ ನಿರ್ದೇಶಕಿಯಾದ ನ್ಯಾನ್ಸಿ ಕ್ಯಾರೊಲಿನ್ ಅಲ್ಲಿನ ಅನುಭವದಿಂದ ಬರೆದ ಪಾಠಗಳು ಅಮೆರಿಕದ ಪ್ಯಾರಾಮೆಡಿಕ್ ಶಿಕ್ಷಣದ ಅಡಿಪಾಯವಾದವು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಆರಂಭಿಸಿ ಫ್ರೀಡಂ ಹೌಸನ್ನು ಮುಚ್ಚಿಸಿತು, ಅದನ್ನು ಕಟ್ಟಿದ ಎಷ್ಟೋ ಜನ ಮೂಲೆಗುಂಪಾದರು. ಆ ಅನ್ಯಾಯದ ನಡುವೆಯೂ ಅವರು ತೋರಿಸಿಕೊಟ್ಟದ್ದು ಅಳಿಯಲಿಲ್ಲ. ಕಲಿಯುವವರ ಅಂಕಪಟ್ಟಿಗಿಂತ ಕಲಿಸುವವರ ಶ್ರದ್ಧೆಯೇ ಫಲಿತಾಂಶವನ್ನು ತೀರ್ಮಾನಿಸುತ್ತದೆ.

ಹಾಗಾದರೆ ನಮ್ಮಲ್ಲಿ ಆಗಬೇಕಾದದ್ದೇನು? ಕಾನೂನು ಒಂದು ಹೆಜ್ಜೆ ಮುಂದಿಟ್ಟಿದೆ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತುರ್ತು ವೈದ್ಯಕೀಯ ತಂತ್ರಜ್ಞರನ್ನು ವೃತ್ತಿಪರರ ಪಟ್ಟಿಯಲ್ಲಿ ಹೆಸರಿಸಿದೆ. ಇದು ಗೌರವದ ಆರಂಭ. ಪಠ್ಯ, ಪರೀಕ್ಷೆ, ನೋಂದಣಿಗಳು ಈ ಹಾದಿಯಲ್ಲಿ ಗಟ್ಟಿಯಾಗಬೇಕು. ಆದರೆ ಪಠ್ಯ ಬರೆಯುವವರ ಗಮನಕ್ಕೆ ಮೂರು ಸಂಗತಿ ತರಲೇಬೇಕು.

ಮೊದಲನೆಯದು ಕನ್ನಡ. ಇಂಗ್ಲಿಷಿನಲ್ಲಿ ಉರುಹೊಡೆದ ಲಕ್ಷಣಗಳ ಪಟ್ಟಿ ರೋಗಿಯ ಬಾಯಲ್ಲಿ ಆ ರೂಪದಲ್ಲಿ ಬರುವುದಿಲ್ಲ. ‘ಎದಿ ಹಿಡದಂಗಾಗೇತಿ’, ‘ದಮ್ಮು ಹತ್ತೇತಿ’, ‘ಕಣ್ಣು ಕತ್ತಲೆ ಬಂತು’, ‘ಸುಸ್ತು, ಕೈಲಾಗ್ತಿಲ್ಲ’, ‘ಬರೀ ಗ್ಯಾಸ್ಟ್ರಿಕ್ಕು’. ಇವೇ ನಮ್ಮ ಜನರ ಮಾತು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎಷ್ಟೋ ಸಲ ಎದೆನೋವಾಗಿ ಬರದೆ ಸುಸ್ತು, ಬೆವರು, ಉಸಿರುಕಟ್ಟು, ಹೊಟ್ಟೆ ಉಬ್ಬರವಾಗಿ ಬರುತ್ತದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆ ಕರ್ನಾಟಕದಲ್ಲಿ 2023ರಲ್ಲಿ ಆರಂಭವಾಯಿತು. ಅದರ ಪ್ರಯೋಜನ ಸಿಗಬೇಕಾದರೆ ‘ಗ್ಯಾಸ್ಟ್ರಿಕ್ಕು’ ಎಂಬ ಪದದ ಹಿಂದೆ ಹೃದಯ ಇರಬಹುದೆಂದು ಮನೆಬಾಗಿಲಲ್ಲೇ ಊಹಿಸುವವರು ಬೇಕು. ಲಕ್ವಾ ಹೊಡೆದವರ ಮನೆಯಲ್ಲಿ ‘ಯಾವಾಗ ಆಯ್ತು?’ ಎಂದು ಕೇಳಿದರೆ ‘ಬೆಳಿಗ್ಗೆ ಏಳುವಾಗ ಹೀಗಿದ್ದರು’ ಎಂಬ ಉತ್ತರ ಬರುತ್ತದೆ. ಹೆಪ್ಪು ಕರಗಿಸುವ ಮದ್ದಿಗೆ ಇರುವ ನಾಲ್ಕೂವರೆ ಗಂಟೆಯ ಗಡುವು ಎಣಿಕೆಯಾಗುವುದು ಅವರು ಚೆನ್ನಾಗಿದ್ದದ್ದನ್ನು ಕೊನೆಗೆ ಕಂಡ ಹೊತ್ತಿನಿಂದ. ‘ರಾತ್ರಿ ಬಾತ್‌ರೂಮಿಗೆ ಎದ್ದಿದ್ದರಾ ಅಮ್ಮ, ಆಗ ಸರಿಯಾಗಿ ಮಾತಾಡಿದರಾ?’ ಎಂದು ಕೇಳಬೇಕು. ಈ ಪ್ರಶ್ನೆ ಅನುವಾದದಿಂದ ಹುಟ್ಟುವುದಿಲ್ಲ. ಕನ್ನಡದಲ್ಲೇ ಯೋಚಿಸಿ ಕಲಿತ ವೈದ್ಯವಿಜ್ಞಾನದಿಂದ ಹುಟ್ಟುತ್ತದೆ. ಇಎಂಟಿಗಳಿಗೆ ಬೇಕಾದ ಶರೀರಕ್ರಿಯೆಯ ಪುಸ್ತಕ ನಮ್ಮ ಜಿಲ್ಲೆಗಳ ಮಾತು, ನಮ್ಮ ಹಾವು, ನಮ್ಮ ಕೀಟನಾಶಕ, ನಮ್ಮ ರಸ್ತೆಗಳನ್ನು ಒಳಗೊಂಡು ಕನ್ನಡದಲ್ಲಿ ಬರಬೇಕು. 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದ ರಾಜ್ಯಕ್ಕೆ ಇದು ದೂರದ ಕೆಲಸವಲ್ಲ.

ಎರಡನೆಯದು ಕಾನೂನು ಮತ್ತು ಘನತೆಯ ಪಾಠ. ಗಾಯಾಳುವಿನ ಜೀವ ಉಳಿಸುವುದಕ್ಕೆ ಪೊಲೀಸ್ ಕಾಗದಪತ್ರ ಅಡ್ಡಬರಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. ನೆರವಾದ ದಾರಿಹೋಕರನ್ನು ಕಾಡಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಅದೇ ನ್ಯಾಯಾಲಯ ಕಾನೂನಿನ ಬಲ ಕೊಟ್ಟಿತು. ಇದು ಗೊತ್ತಿರುವ ಇಎಂಟಿ ಹೆದರಿ ಹಿಂದೆ ಸರಿಯುತ್ತಿರುವ ಗುಂಪಿಗೆ ಧೈರ್ಯ ಹೇಳಿ ಒಂದು ಕೈ ಸಹಾಯ ಪಡೆಯಬಲ್ಲ. ಪ್ರಜ್ಞೆ ಇರುವವರ ಒಪ್ಪಿಗೆ ಕೇಳುವುದು, ಹೆಣ್ಣುಮಗಳ ಮೈಮೇಲೆ ಬಟ್ಟೆ ಹೊದಿಸುವುದು, ಯಾವ ಹೊತ್ತಿಗೆ ಏನು ಕಂಡೆ, ಏನು ಮಾಡಿದೆ ಎಂದು ಬರೆದಿಡುವುದು ಕೂಡ ತಳಹದಿಯ ಕಲ್ಲುಗಳೇ.

ಮೂರನೆಯದನ್ನು ಬಹಳ ಜನ ಯೋಚಿಸಿಲ್ಲ. ಇಎಂಟಿ ರೋಗಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ಒಪ್ಪಿಸಿ ಮುಂದಿನ ಕರೆಗೆ ಹೊರಟುಬಿಡುತ್ತಾನೆ. ತಾನು ಊಹಿಸಿದ್ದು ಸರಿಯಿತ್ತೇ, ಗುಲ್ಮ ನಿಜಕ್ಕೂ ಒಡೆದಿತ್ತೇ, ಆ ರೋಗಿ ಉಳಿದರೇ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಉತ್ತರ ತಿಳಿಯದೆ ಸಾವಿರ ಲೆಕ್ಕ ಬಿಡಿಸಿದವನು ಗಣಿತ ಕಲಿಯಲಾರ. ಆಸ್ಪತ್ರೆಗಳು ತಿಂಗಳಿಗೊಮ್ಮೆ ಇಎಂಟಿಗಳನ್ನು ಕರೆದು, ಅವರು ತಂದ ರೋಗಿಗಳಿಗೆ ಏನಾಯಿತು ಎಂದು ಹೇಳಿದರೆ ಅದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಇದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ, ಸಹೋದ್ಯೋಗಿಗಳೆಂಬ ಗೌರವ ಬೇಕು. ಗುತ್ತಿಗೆಯ ನೌಕರಿ, ಅನಿಶ್ಚಿತ ಸಂಬಳ, ಬೆಳವಣಿಗೆಯ ದಾರಿ ಕಾಣದ ಹುದ್ದೆ ಇವೆಲ್ಲ ಹಾಗೆಯೇ ಉಳಿದರೆ ಚೆನ್ನಾಗಿ ಕಲಿತವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಕಲಿಸಿದ್ದೂ ಅವರೊಂದಿಗೆ ಹೋಗುತ್ತದೆ.

ಈಗ ಮತ್ತೆ ಆ ನಸುಕಿನ ಹುಡುಗನ ಹತ್ತಿರ ಬರೋಣ. ಆಂಬುಲೆನ್ಸ್ ಹೊರಟಿದೆ. ದಾರಿಯಲ್ಲಿ ಅವನ ಉಸಿರು ನಿಂತಿದೆ. ರೆಪ್ಪೆ ಬಿಡಿಸಿ ನೋಡಿದರೆ ಕಣ್ಣಗುಡ್ಡೆ ಅಲ್ಲಾಡುವುದಿಲ್ಲ, ಬೆಳಕಿಗೆ ಪಾಪೆ ಕಿರಿದಾಗುವುದಿಲ್ಲ, ಚಿವುಟಿದರೆ ಕೈ ಎಳೆದುಕೊಳ್ಳುವುದಿಲ್ಲ. ಅಕ್ಕ ಎದೆ ಬಡಿದುಕೊಂಡು ಅಳುತ್ತಿದ್ದಾಳೆ. ನೋಡಿದ ಯಾರೇ ಆದರೂ ಮುಗಿಯಿತು ಎನ್ನುತ್ತಾರೆ. ಆದರೆ ನಾಡಿ ಬಡಿಯುತ್ತಿದೆ. ಇಎಂಟಿ ಅವನ ಗದ್ದ ಎತ್ತಿ ಹಿಡಿದು, ಮುಖಕ್ಕೆ ಮಾಸ್ಕ್ ಒತ್ತಿ, ಐದಾರು ಸೆಕೆಂಡಿಗೊಮ್ಮೆ ಅಂಬು ಬ್ಯಾಗ್ ಹಿಸುಕುತ್ತಾ ಎದೆ ಏಳುವುದನ್ನು ನೋಡುತ್ತಿದ್ದಾನೆ. ಅದರ ಜೊತೆಗೇ ಬಗ್ಗಿ ಅವನ ಕಿವಿಯ ಹತ್ತಿರ ಮಾತಾಡುತ್ತಿದ್ದಾನೆ: ‘ತಮ್ಮಾ, ಹೆದರಬೇಡ. ನಿನ್ನ ಉಸಿರು ನಾನು ನೋಡ್ಕೋತಿದೀನಿ. ಅಕ್ಕ ಇಲ್ಲೇ ಇದಾರೆ. ಆಸ್ಪತ್ರೆ ಹತ್ರ ಬಂತು.’

ಸತ್ತಂತೆ ಬಿದ್ದವನ ಜೊತೆ ಏಕೆ ಮಾತು? ಏಕೆಂದರೆ ಕಟ್ಟು ಹಾವಿನ ವಿಷ ಸ್ನಾಯುವನ್ನು ಕಟ್ಟಿಹಾಕಿದೆ, ಮನಸ್ಸನ್ನಲ್ಲ ಎಂದು ಆ ಇಎಂಟಿ ಕಲಿತಿದ್ದಾನೆ. ಒಂದು ಬೆರಳನ್ನೂ ಅಲ್ಲಾಡಿಸಲಾಗದ ಆ ಹುಡುಗನಿಗೆ ಎಲ್ಲ ಕೇಳಿಸುತ್ತಿರಬಹುದು, ಅಕ್ಕನ ಅಳುವೂ, ಈ ಮಾತೂ.